ಮೀನಿನ ರೆಕ್ಕೆ ಮತ್ತೆ ಬೆಳೆಯುವಾಗ

ಬೇಡಕಿಹಾಳದ ಜಿನ್ನಪ್ಪ ಕಬ್ಬಿನ ಹೊಲಕ್ಕೆ ನೀರು ಬಿಡುವ ಮೊದಲು ಕಾಲುವೆಯಲ್ಲಿ ಇರುವೆ ಸಾಲು ಇದ್ದರೆ ಅದು ದಾಟುವ ತನಕ ಕಾಯುವ ಮನುಷ್ಯ. ಅಂಥ ಜೈನ ಮನೆಯ ಮಗಳು ಶೇವಂತಾ ೧೯೮೭ರಲ್ಲಿ ಕೊಲ್ಲಾಪುರಕ್ಕೆ ಹೋಗಿ ಮೀನಿನ ಮೇಲೆ ಸಂಶೋಧನೆಗೆ ನಿಂತಳು. ಮನೆಯಲ್ಲಿ ಮಾತ್ರ, ಜೀವಶಾಸ್ತ್ರ ಓದುತ್ತೇನೆ ಎಂದಷ್ಟೇ ಹೇಳಿದ್ದಳು.

ಜೀವಕೋಶ ಒಂದು ಎರಡಾಗಬೇಕಾದರೆ ಪಾಲಿಅಮೈನ್ ಎಂಬ ಸಣ್ಣ ಅಣುಗಳು ಬೇಕು. ಕಡಿಮೆಯಾದರೆ ಬೆಳವಣಿಗೆ ನಿಲ್ಲುತ್ತದೆ, ಅತಿಯಾದರೆ ಕೋಶಕ್ಕೇ ವಿಷ. ಅವುಗಳ ತಯಾರಿಕೆಗೆ ಕೈಹಚ್ಚುವ ಕಿಣ್ವವೊಂದಿದೆ. ಮೀನಿನ ಕೋಶ ಆ ಕಿಣ್ವವನ್ನು ಹೇಗೆ ಹದ್ದುಬಸ್ತಿನಲ್ಲಿಡುತ್ತದೆ ಎಂಬುದು ಶೇವಂತಾಳ ಪ್ರಶ್ನೆ. ಅದಕ್ಕಾಗಿ ಜುಗೂಳದ ಹೊಳೆಯಿಂದ ತಂದ ಮೀನುಗಳನ್ನು ಕೊಯ್ದು ಯಕೃತ್ತು ತೆಗೆಯಬೇಕಿತ್ತು. ಮೊದಲ ಮೀನಿಗೆ ಅರ್ಧ ದಿನ ಹಿಡಿಯಿತು. ಆಮೇಲೆ ಐದು ನಿಮಿಷ ಸಾಕಾಯಿತು. ಅದೇ ಅವಳಿಗೆ ಹೆಚ್ಚು ಹೆದರಿಕೆ ತಂದಿತು.

ಒಂದು ದಿನ ಅಣ್ಣ ರಾವಸಾಹೇಬ ರೊಟ್ಟಿಗಂಟು ಹಿಡಿದು ಪ್ರಯೋಗಾಲಯಕ್ಕೇ ಬಂದ. ಟ್ರೇಯಲ್ಲಿ ಕೊಯ್ದಿಟ್ಟ ಮೀನನ್ನು ಕಂಡು ಗಂಟನ್ನು ಬಾಗಿಲಲ್ಲೇ ಇಟ್ಟು ಹೊರಟುಹೋದ.

ದೀಪಾವಳಿಗೆ ಊರಿಗೆ ಹೋದಾಗ ಶೇವಂತಾ ತಂದೆಗೆ ಬಡಿಸಲು ಬಂದಳು. ಜಿನ್ನಪ್ಪ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದ.

"ನಿನ್ನ ಕೈಲೆ ಬ್ಯಾಡವ್ವಾ," ಎಂದ ಮೆಲ್ಲಗೆ.

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಆದರೆ ಅವನ ದನಿಯಲ್ಲಿ ಸಿಟ್ಟೇ ಇರಲಿಲ್ಲ.

ಕೊಲ್ಲಾಪುರಕ್ಕೆ ಮರಳಿದವಳು ಮಾರ್ಗದರ್ಶಕ ಬಾಪುಸಾಹೇಬರ ಮುಂದೆ ನಿಂತು ಕೇಳಿದಳು: "ಕೊಲ್ಲದನ ಈ ಕೆಲಸಾ ಮಾಡಾಕ ಬರತೈತೇನ್ರಿ ಸರ್?"

"ಭಾಳ ತಡಾ ಆಕ್ಕೈತಿ ನೋಡ."

"ಆಗ್ಲಿ ಬಿಡ್ರಿ."

ಮೀನುಗಳು ಕಚ್ಚಾಡಿ ಹರಿದುಕೊಂಡ ಬಾಲದ ರೆಕ್ಕೆ ಮತ್ತೆ ಬೆಳೆಯುವುದನ್ನು ಅವಳು ತೊಟ್ಟಿಯಲ್ಲಿ ಕಂಡಿದ್ದಳು. ಈಗ ಮೀನಿಗೆ ಮಂಪರು ಕೊಟ್ಟು, ರೆಕ್ಕೆಯ ತುದಿಯನ್ನಷ್ಟೇ ಕತ್ತರಿಸಿ, ನೀರಿಗೆ ಬಿಡತೊಡಗಿದಳು. ಹೊಸದಾಗಿ ಮೂಡಿದ ಚೂರಿನಲ್ಲಿ ಕಿಣ್ವವನ್ನು ಅಳೆದಳು. ಜೊತೆಗಿದ್ದವರೆಲ್ಲ ಪದವಿ ಮುಗಿಸಿ ಹೋದರು. ಇವಳು ರೆಕ್ಕೆ ಬೆಳೆಯುವುದನ್ನು ಕಾಯುತ್ತ ಉಳಿದಳು. ಬೆಳವಣಿಗೆ ಶುರುವಾದಾಗ ಕಿಣ್ವ ಜೋರಾಗಿ ಏರುತ್ತಿತ್ತು, ರೆಕ್ಕೆ ತುಂಬುತ್ತ ಬಂದಂತೆ ಇಳಿಯುತ್ತಿತ್ತು. ಪಾಲಿಅಮೈನನ್ನು ಹೊರಗಿನಿಂದ ಕೊಟ್ಟರೂ ಕಿಣ್ವ ಥಟ್ಟನೆ ಕುಸಿಯುತ್ತಿತ್ತು.

ತೊಂಬತ್ತೊಂದರಲ್ಲಿ ಕಣ್ಣು ತೋರಿಸಲು ಕೊಲ್ಲಾಪುರಕ್ಕೆ ಬಂದ ಜಿನ್ನಪ್ಪ, ಯಾರೂ ಕರೆಯದೆ ಪ್ರಯೋಗಾಲಯಕ್ಕೆ ಬಂದ. ತೊಟ್ಟಿಯ ಮುಂದೆ ಬಗ್ಗಿ, ತುದಿ ಕತ್ತರಿಸಿದ ರೆಕ್ಕೆಗಳನ್ನು ಬಹಳ ಹೊತ್ತು ನೋಡಿದ.

"ಕತ್ತರಿಸಿದ್ರ ನೋವಾಗತೈತಿ ಅಲ್ಲಾ?"

ಶೇವಂತಾ ಸುಳ್ಳು ಹೇಳಲಿಲ್ಲ. "ಮಂಪರು ಇಳದ ಮ್ಯಾಲ ಆಗತಿರಬೇಕ್ರಿ ಅಪ್ಪಾ."

"ಮತ್ತ ಬೆಳೀತೈತಿ?"

"ಬೆಳೀತೈತ್ರಿ. ಬೇಕಾದಷ್ಟ ಬೆಳದು ತಾನ ನಿಂದರತೈತಿ."

"ಸಾಕನ್ನೂದು ಅದಕ್ಕ ಹೆಂಗ ತಿಳೀತೈತಿ?"

ಅವಳು ತೊಟ್ಟಿಯ ಹತ್ತಿರ ಬಂದು ನಿಂತಳು. ಇಷ್ಟು ವರ್ಷ ಈ ಕೆಲಸದ ಬಗ್ಗೆ ಮನೆಯವರು ಯಾರೂ ಏನೂ ಕೇಳಿರಲಿಲ್ಲ. "ಬೆಳಿಯಾಕ ಬೇಕಾದ ಅಣುಗೋಳು ಹೆಚ್ಚಾದ್ವು ಅಂದ್ರ, ಅವುಗೋಳಿಂದನ ಇನ್ನೊಂದು ಪ್ರೋಟೀನು ಹುಟ್ಟತೈತ್ರಿ. ಅದು ಹೋಗಿ ಅಣು ತಯಾರಿಸೂ ಕಿಣ್ವಾನ ಹಿಡೀತೈತಿ, ಮುರಿಯೂ ಜಾಗಾಕ್ಕ ಒಯ್ದ ಬಿಡತೈತಿ. ಕಿಣ್ವ ಹೋತು, ತಯಾರಿ ನಿಂತತು. ಬ್ಯಾರೆ ಪ್ರಾಣಿಯೊಳಗ ಇದನ್ನ ಕಂಡಾರ. ಮೀನದಾಗೂ ಹಂಗ ಐತಿ ಅಂತ ನನಗ ಅನಸತೈತ್ರಿ."

ಜಿನ್ನಪ್ಪ ತಲೆಯಾಡಿಸಿದ. ಅವಳ ಕೋಣೆಗೆ ಊಟಕ್ಕೆ ಮಾತ್ರ ಬರಲಿಲ್ಲ, ಊರ ಬಸ್ಸು ಹತ್ತಿದ.

ಮುಂದೆ ಪದವಿ ಸಿಕ್ಕಿತು, ಚಿಕ್ಕೋಡಿಯ ಕಾಲೇಜಿನಲ್ಲಿ ಕೆಲಸವೂ ಸಿಕ್ಕಿತು. ಅಲ್ಲಿ ಕಿಣ್ವ ಅಳೆಯುವ ಯಂತ್ರವಿರಲಿಲ್ಲ. ಅವಳ ಪ್ರಶ್ನೆ ಅರ್ಧಕ್ಕೇ ಉಳಿಯಿತು. ಊರಿಗೆ ಹೋದಾಗ ಅಪ್ಪ ಕಟ್ಟೆಯ ಮೇಲಿಂದಲೇ ಕೇಳುತ್ತಿದ್ದ: "ಮೀನಾ ಹೆಂಗದಾವು?" ಈಗ ಮೀನುಗಳೇ ಇಲ್ಲ ಎನ್ನಲು ಅವಳಿಗೆ ಬಾಯಿ ಬರುತ್ತಿರಲಿಲ್ಲ. "ಚಲೋ ಅದಾವ್ರಿ," ಎನ್ನುತ್ತಿದ್ದಳು.

ಜಿನ್ನಪ್ಪ ತೀರಿಕೊಂಡ ವರ್ಷ ಶೇವಂತಾ ಸುಗ್ಗಿಯ ರಜೆಗೆ ಮನೆಗೆ ಬಂದಳು. ಅತ್ತಿಗೆ ನಕ್ಕು ಬರಮಾಡಿಕೊಂಡಳು, ಅಣ್ಣ ಕಬ್ಬಿನ ಮಾತಾಡಿದ. ಮೀನಿನ ವಿಷಯ ಯಾರೂ ಕೇಳಲಿಲ್ಲ. ಅವಳು ಬ್ಯಾಗು ಹಿಡಿದುಕೊಂಡೇ ಅಪ್ಪ ಕೂರುತ್ತಿದ್ದ ಕಟ್ಟೆಯ ಮೇಲೆ ಕೂತಳು.