ಆಯುಧಪೂಜೆಗೆ ಕೂತ ಫಿಲ್ಟರ್

ಮೀನಿನ ತೊಟ್ಟಿಗೆ ಫಿಲ್ಟರ್ ಆರಿಸುವ ವಿಷಯದಲ್ಲಿ ನಾನು ಯಾರ ಮಾತನ್ನೂ ಕೇಳುವುದಿಲ್ಲ. ಅಂಗಡಿಯವನ ಮಾತನ್ನಂತೂ ಕೇಳುವುದೇ ಇಲ್ಲ. ಅವನು ಬಣ್ಣದ ದೀಪ ಇರುವುದನ್ನು ತೋರಿಸುತ್ತಾನೆ, ಬಾಯಿ ತೆರೆದು ಗುಳ್ಳೆ ಬಿಡುವ ಮೊಸಳೆ ಗೊಂಬೆ ತೋರಿಸುತ್ತಾನೆ. ಅದನ್ನೆಲ್ಲ ಒಳಗಿಡಪ್ಪ, ಇದು ಗಂಟೆಗೆ ಎಷ್ಟು ಲೀಟರ್ ನೀರು ತಿರುಗಿಸುತ್ತದೆ ಹೇಳು ಎಂದು ಕೇಳಿದರೆ ತಲೆ ಕೆರೆದುಕೊಳ್ಳುತ್ತಾನೆ. ತೊಟ್ಟಿಯ ಅಷ್ಟೂ ನೀರು ಗಂಟೆಗೆ ನಾಲ್ಕೈದು ಸಲವಾದರೂ ಫಿಲ್ಟರಿನೊಳಗೆ ಹಾದು ಬರಬೇಕು. ಗೋಲ್ಡ್ ಫಿಶ್ ಸಾಕಿದ್ದರೆ ಇನ್ನೂ ಸ್ವಲ್ಪ ಹೆಚ್ಚೇ ಇರಲಿ. ಅವು ತಿನ್ನುವುದೂ ಜಾಸ್ತಿ, ಗಲೀಜು ಮಾಡುವುದೂ ಜಾಸ್ತಿ.

ನನ್ನದು ಗಾಜಿನ ಅಂಚಿಗೆ ನೇತುಹಾಕುವ ಫಿಲ್ಟರ್. ಡಬ್ಬಿ ತೊಟ್ಟಿಯ ಹೊರಗೆ ಇರುತ್ತದೆ, ಒಂದು ಕೊಳವೆ ಮಾತ್ರ ನೀರಿಗೆ ಇಳಿದಿರುತ್ತದೆ. ಪುಟ್ಟ ಮೋಟರು ನೀರನ್ನು ಮೇಲೆಳೆದು ಸ್ಪಂಜಿನ ಮೂಲಕ ಹಾಯಿಸಿ ಮತ್ತೆ ತೊಟ್ಟಿಗೆ ಸುರಿಯುತ್ತದೆ. ಹಾಗೆ ಸುರಿಯುವಾಗ ನೀರಿಗೆ ಗಾಳಿ ಬೆರೆಯುತ್ತದೆ, ಮೀನುಗಳು ಉಸಿರಾಡುವುದು ಅದರಿಂದಲೇ. ಇಂಥದ್ದನ್ನು ತೆಗೆಯುವುದೂ ಸುಲಭ, ಬಿಚ್ಚುವುದೂ ಸುಲಭ. ನಮ್ಮ ಕಡೆಯ ಬೋರ್‌ವೆಲ್ ನೀರಿನಲ್ಲಿ ಬೇಳೆಯೇ ನೆಟ್ಟಗೆ ಬೇಯುವುದಿಲ್ಲ. ಅಂಥ ಗಡಸು ನೀರು ಮೋಟರಿನ ಕಡ್ಡಿಗೆ ಬಿಳಿ ಸುಣ್ಣ ಕಟ್ಟಿಸಿ ಅದು ತಿರುಗದಂತೆ ಮಾಡುತ್ತದೆ. ಆಗಾಗ ನಿಂಬೆಹಣ್ಣು ಹಿಂಡಿದ ನೀರಿನಲ್ಲಿ ನೆನೆಹಾಕಿ ಉಜ್ಜಿದರೆ ಸರಿಹೋಗುತ್ತದೆ.

ಸ್ಪಂಜಿನ ವಿಷಯ ಬೇರೆ. ಅದನ್ನು ನಲ್ಲಿಯ ಕೆಳಗೆ ಹಿಡಿಯಬಾರದು, ಸೋಪನ್ನಂತೂ ಮುಟ್ಟಿಸಲೇಬಾರದು. ತೊಟ್ಟಿಯಿಂದಲೇ ಒಂದಿಷ್ಟು ನೀರನ್ನು ಬಕೆಟ್ಟಿಗೆ ತೆಗೆದು, ಅದರಲ್ಲಿ ಹಗುರವಾಗಿ ಹಿಂಡಿ ವಾಪಸ್ ಹಾಕಬೇಕು. ಸ್ಪಂಜಿನಲ್ಲಿ ಉಳಿಯುವ ಕಂದು ಲೋಳೆ ಕೊಳೆಯಲ್ಲ. ಮೀನಿನ ಗಲೀಜಿನಿಂದ ಹುಟ್ಟುವ ವಿಷವನ್ನು ತಿಂದು ನೀರನ್ನು ಕಾಪಾಡುವ ಬ್ಯಾಕ್ಟೀರಿಯಾ ಮನೆ ಮಾಡಿಕೊಂಡಿರುವುದೇ ಅದರಲ್ಲಿ. ಇದನ್ನು ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವಾಗ ಮಕ್ಕಳಿಗೆ ಹೇಳುತ್ತೇನೆ, ಮನೆಯಲ್ಲೂ ಹೇಳಿದ್ದೆ. ಮಕ್ಕಳು ಕೇಳಿದರು.

ಕೇಳದವನು ಅಪ್ಪ. ಮಧುಗಿರಿಯಲ್ಲಿ ಅವನದು ಮೋಟರ್ ರಿವೈಂಡಿಂಗ್ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ. ಮಿಡಿಗೇಶಿಯಿಂದ, ಅತ್ತ ಶಿರಾ ಕಡೆಯ ಹುಲಿಕುಂಟೆಯಿಂದ ಸುಟ್ಟುಹೋದ ಪಂಪ್‌ಸೆಟ್ ಮೋಟರುಗಳು ಟೆಂಪೋದಲ್ಲಿ ಬಂದಿಳಿಯುತ್ತವೆ. ಹಳೇ ತಂತಿ ಕಿತ್ತು ಹೊಸ ತಾಮ್ರದ ತಂತಿ ಸುತ್ತಿ ಅವು ಮತ್ತೆ ತಿರುಗುವಂತೆ ಮಾಡುವುದು ಅಪ್ಪನ ಕೆಲಸ. ಎಲ್ಲವೂ ನೋಡಲು ಒಂದೇ ಥರ ಇರುವುದರಿಂದ, ಮೋಟರು ಬಂದ ಕೂಡಲೇ ಅದರ ಮೈಮೇಲೆ ಬಿಳಿ ಪೇಂಟಿನಲ್ಲಿ ಊರಿನ ಹೆಸರು ಬರೆಯುತ್ತಾನೆ. ಬೋರಿನೊಳಗೆ ವರ್ಷಗಟ್ಟಲೆ ಇದ್ದು ಮೇಲೆ ಬಂದರೂ ಆ ಪೇಂಟು ಹಾಗೇ ಇರುತ್ತದೆ. ನಮ್ಮ ಸ್ವಂತ ಸಾಮಾನು ಗಿರಾಕಿಗಳ ಸಾಮಾನಿನ ಜೊತೆ ಟೆಂಪೋ ಹತ್ತಬಾರದೆಂದು ಅವಕ್ಕೆ ‘ಮನೆ’ ಎಂದು ಬರೆಯುತ್ತಾನೆ. ಏಣಿಯ ಮೇಲೆ, ಸಂಪಿನ ಮೋಟರಿನ ಮೇಲೆ, ಅಮ್ಮನ ಗ್ರೈಂಡರಿನ ಹಿಂಬದಿಯಲ್ಲಿ, ಎಲ್ಲ ಕಡೆ ‘ಮನೆ’ ಇದೆ.

ಪಾವಗಡದಲ್ಲಿದ್ದ ಗಂಡನ ಮನೆ ಬಿಟ್ಟು ನಾನು ಇಲ್ಲಿಗೆ ಬಂದದ್ದು ಎರಡು ವರ್ಷದ ಹಿಂದೆ. ಬಿಟ್ಟದ್ದು ಸರಿಯೋ ತಪ್ಪೋ ಎಂಬ ಅನುಮಾನ ನನಗೆ ಒಂದು ದಿನವೂ ಬಂದಿಲ್ಲ. ನನ್ನ ಸಂಬಳದಲ್ಲಿ ಕೊಂಡ ಸ್ಕೂಟರ್, ತೊಟ್ಟಿ, ಫಿಲ್ಟರು ಮತ್ತು ಎರಡು ಗೋಲ್ಡ್ ಫಿಶ್, ನಾನು ತಂದದ್ದು ಇಷ್ಟೇ. ಮೀನುಗಳಿದ್ದ ಬಕೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಲಗೇಜ್ ಆಟೋದಲ್ಲಿ ದಾರಿಯುದ್ದಕ್ಕೂ ಹಿಡಿದು ಕೂತಿದ್ದೆ. ಯಾಕೆ ಬಂದೆ ಎಂದು ಅಪ್ಪ ಕೇಳಲಿಲ್ಲ, ಬಂದದ್ದು ಒಳ್ಳೆಯದಾಯಿತು ಎಂದೂ ಹೇಳಲಿಲ್ಲ. ನಡುಮನೆಯ ಮೂಲೆ ತೋರಿಸಿ ತೊಟ್ಟಿ ಅಲ್ಲಿಡು ಎಂದ. ಫಿಲ್ಟರ್ ನೋಡಿ ಮಾತ್ರ ಅವನಿಗೆ ನಗು ತಡೆಯಲಾಗಲಿಲ್ಲ.

“ಇದೂ ಒಂದು ಮೋಟ್ರಾ? ಎಷ್ಟು ಎಚ್‌ಪಿ ಐತಮ್ಮ?”

“ಐದು ವ್ಯಾಟ್ ಕಣಪ್ಪ.”

“ಥೂ! ನಾನು ಟೆಸ್ಟ್ ಮಾಡೋ ಬಲ್ಬೇ ಇದ್ಕಿಂತ ಜೋರಾಗೈತೆ ಬುಡು.”

ಅದಾದ ಸ್ವಲ್ಪ ದಿನಕ್ಕೇ ಆಯುಧಪೂಜೆ ಬಂತು. ನಮ್ಮ ಅಂಗಡಿಗೆ ಅದಕ್ಕಿಂತ ದೊಡ್ಡ ಹಬ್ಬವಿಲ್ಲ. ಸ್ಪ್ಯಾನರಿನಿಂದ ಹಿಡಿದು ದೊಡ್ಡ ಮೋಟರಿನವರೆಗೆ ಎಲ್ಲವನ್ನೂ ತೊಳೆದು, ಸಾಲಾಗಿ ಕೂರಿಸಿ, ವಿಭೂತಿ ಬಳಿದು, ಕುಂಕುಮ ಇಟ್ಟು, ಚೆಂಡುಹೂ ಏರಿಸುತ್ತಾನೆ ಅಪ್ಪ. ಅವತ್ತು ಅವಕ್ಕೆಲ್ಲ ರಜ. ಮಾರನೇ ಬೆಳಿಗ್ಗೆ ಮಂಗಳಾರತಿ ಆಗುವವರೆಗೆ ಸಾಲಿನಲ್ಲಿರುವ ಯಾವುದಕ್ಕೂ ಕರೆಂಟು ಕೊಡುವಂತಿಲ್ಲ. ಸೇವಂತಿಗೆ ತೋಟಕ್ಕೆ ಅರ್ಜೆಂಟಾಗಿ ನೀರು ಬೇಕು ಎಂದು ಮಿಡಿಗೇಶಿಯವರೊಬ್ಬರು ಒಮ್ಮೆ ಬಾಗಿಲಲ್ಲಿ ನಿಂತು ಗೋಗರೆದರೂ ಅಪ್ಪ ಜಗ್ಗಲಿಲ್ಲ.

ಆ ವರ್ಷ ಅಮ್ಮನ ಗ್ರೈಂಡರಿಗೂ ಕುಂಕುಮ ಬಿತ್ತು, ಪಕ್ಕದ ಮನೆಯವರ ಸೈಕಲ್ಲಿಗೂ ಬಿತ್ತು. ನನ್ನ ಸ್ಕೂಟರಿಗೆ ಬೀಳಲಿಲ್ಲ, ತೊಟ್ಟಿಯ ಕಡೆ ಅಪ್ಪ ತಿರುಗಿಯೂ ನೋಡಲಿಲ್ಲ. ನೆಂಟರು ತುಂಬಿದ್ದರು. ಅವು ಗಂಡನ ಮನೆಯ ಸಾಮಾನು, ಇವತ್ತಲ್ಲ ನಾಳೆ ಇವಳ ಜೊತೆ ಅಲ್ಲಿಗೇ ವಾಪಸ್ ಹೋಗುತ್ತವೆ ಎಂದು ಅವರೆಲ್ಲರ ಲೆಕ್ಕ. ಅಪ್ಪನ ಲೆಕ್ಕವೂ ಅದೇ ಇರಬೇಕು ಅನ್ನಿಸಿತು. ಈ ಮನೆಗೆ ನಾನು ಮಗಳೋ ನೆಂಟರ ಪೈಕಿಯೋ? ಬೇರೆ ಎಲ್ಲದರಲ್ಲೂ ಇರುವ ಧೈರ್ಯ ಇದೊಂದನ್ನು ಬಾಯಿಬಿಟ್ಟು ಕೇಳಲು ನನಗೆ ಬರಲಿಲ್ಲ. ಕೇಳದೆಯೇ ಒಂದು ವರ್ಷ ಕಳೆದೆ.

ಹೋದ ವರ್ಷದ ಆಯುಧಪೂಜೆಯ ದಿನ ಬೆಳಿಗ್ಗೆಯೇ ಸ್ಕೂಟರ್ ತೆಗೆದುಕೊಂಡು ಹೂವು, ಬಾಳೆಕಂದು, ಬೂದುಗುಂಬಳಕಾಯಿ ತರಲು ಪೇಟೆಗೆ ಹೋದೆ. ಹಬ್ಬದ ಜನ, ಕಾಲಿಡಲು ಜಾಗವಿಲ್ಲ. ಮನೆಗೆ ಬರುವಷ್ಟರಲ್ಲಿ ಮಧ್ಯಾಹ್ನವಾಯಿತು. ಒಳಗೆ ಬಂದು ನೋಡಿದರೆ ಎರಡೂ ಮೀನು ನೀರಿನ ಮೇಲಕ್ಕೆ ಬಂದು ಬಾಯಿ ತೆರೆದು ಗಾಳಿ ಎಳೆಯುತ್ತಿದ್ದವು. ನೀರು ಸುರಿಯುವ ಸದ್ದಿಲ್ಲ. ಗಾಜಿನ ಅಂಚಿನಲ್ಲಿ ಫಿಲ್ಟರೇ ಇಲ್ಲ.

ಅಂಗಡಿಗೆ ಓಡಿದೆ. ಸಾಲಿನಲ್ಲಿ, ಹತ್ತು ಎಚ್‌ಪಿ ಮೋಟರಿನ ಪಕ್ಕ ಬಾಳೆಲೆಯ ಮೇಲೆ, ಗೋಡೆಗೆ ಬೆನ್ನು ಕೊಟ್ಟು ನನ್ನ ಫಿಲ್ಟರ್ ಕೂತಿತ್ತು. ಹಣೆಗೆ ಮೂರು ಗೆರೆ ವಿಭೂತಿ, ನಡುವೆ ಕುಂಕುಮ, ತಲೆಯ ಮೇಲೆ ಚೆಂಡುಹೂ. ಪಕ್ಕದಲ್ಲಿ ಸ್ಪಂಜು ಅಂಗಡಿಯಿಂದ ಆಗ ತಾನೇ ತಂದ ಹಾಗೆ ಬೆಳ್ಳಗಿತ್ತು. ಮೂಗಿಗೆ ಹಿಡಿದೆ. ಘಮ್ಮೆಂದು ಸೋಪಿನ ಪುಡಿ ವಾಸನೆ.

“ಯಾರು ಮುಟ್ಟಿದ್ದು ಇದನ್ನ?”

ಅಪ್ಪ ಹೊಸ ಪಂಚೆ ಉಟ್ಟು ಹಲ್ಲು ಬಿಟ್ಟುಕೊಂಡು ನಿಂತಿದ್ದ. “ನಾನೇ ಕಣಮ್ಮ. ಎಷ್ಟು ಕೊಳೆ ಇತ್ತು ಗೊತ್ತಾ? ಬ್ರಷ್ ಹಾಕಿ ತಿಕ್ಕಿ, ಎಣ್ಣೆನೂ ಬುಟ್ಟಿವ್ನಿ. ಹೆಂಗೈತೆ ನೋಡು, ಮದುಮಗನಂಗೆ!”

“ಅಯ್ಯೋ ನಿನ್ನ! ಅಲ್ಲಿ ಮೀನು ಸಾಯ್ತಾ ಅವೆ! ಸೋಪು ಮುಟ್ಟಿಸ್ಬ್ಯಾಡ ಅಂತ ಎಷ್ಟು ಸಲ ಬಡ್ಕೊಂಡಿದೀನಿ! ಕೊಡು ಇತ್ಲಾಗೆ, ಎಣ್ಣೆ ಒರೆಸಿ ಹಾಕ್ತೀನಿ.”

“ಪೂಜೆ ಆಗೋಗೈತೆ. ನಾಳೆ ಬೆಳಿಗ್ಗೆ ಗಂಟ ಮುಟ್ಟಂಗಿಲ್ಲ.”

“ಹಂಗಾದ್ರೆ ನಾಳೆ ಬೆಳಿಗ್ಗೆ ಎರಡು ಹೆಣ ಎತ್ತು!”

“ಬುಡ್ತು ಅನ್ನೇ, ಬುಡ್ತು ಅನ್ನು! ಹಬ್ಬದ ದಿನ ಎಂಥ ಮಾತಾಡ್ತೀಯೇ,” ಎಂದು ಅಮ್ಮ ಅಡುಗೆಮನೆಯಿಂದಲೇ ಕೂಗಿದಳು. ನಾನು ಬಿಡ್ತು ಅನ್ನಲಿಲ್ಲ.

ಅಪ್ಪ ನಡುಮನೆಗೆ ಬಂದು ತೊಟ್ಟಿಯ ಮುಂದೆ ನಿಂತ. ಮೀನಿನ ಬಾಯಿ ತೆರೆದು ಮುಚ್ಚುವುದನ್ನು ನೋಡಿದ. ಅವನ ಮುಖ ಇಳಿದುಹೋಯಿತು. ಸ್ಟೂಲ್ ಎಳೆದುಕೊಂಡು, ದೇವರ ಮನೆಯಿಂದ ಚೊಂಬು ತಂದು, ತೊಟ್ಟಿಯ ನೀರನ್ನೇ ಮೊಗೆದು ಕಾಫಿ ಆರಿಸುವ ಹಾಗೆ ಎತ್ತರದಿಂದ ಸುರಿಯತೊಡಗಿದ. ಮೊಗೆದ, ಸುರಿದ. ನೀರಿಗೆ ಗಾಳಿ ಬೆರೆಯಬೇಕು ಎಂಬ ನನ್ನ ಪಾಠದಲ್ಲಿ ಅಷ್ಟಾದರೂ ಅವನ ತಲೆಗೆ ಹೋಗಿತ್ತು. ಸ್ವಲ್ಪ ಹೊತ್ತಿಗೆ ಮೀನುಗಳು ಒಂದಿಷ್ಟು ಕೆಳಗಿಳಿದವು. ಅವನು ಕೈ ನಿಲ್ಲಿಸಿದರೆ ಮತ್ತೆ ಮೇಲೆ ಬರುತ್ತಿದ್ದವು.

ಪೂಜೆಯ ಕಡಲೆಪುರಿ ತೆಗೆದುಕೊಳ್ಳಲು ಬಂದ ಗಿರಾಕಿಗಳು ಒಬ್ಬೊಬ್ಬರಾಗಿ ಇಣುಕಿ ನೋಡಿದರು.

“ಏನಣ್ಣ, ಮೀನಿಗೆ ಅಭಿಷೇಕನಾ?” ಎಂದು ಒಬ್ಬ ಕೇಳಿದ.

“ಮೋಟ್ರಿಗೆ ರಜ ಕಣಯ್ಯ. ನಂಗಿಲ್ಲ,” ಎಂದ ಅಪ್ಪ.

ಚೊಂಬು ಕೊಡು ನಾನು ಸುರಿಯುತ್ತೇನೆ ಎಂದರೆ ಕೊಡಲೊಲ್ಲ. ಹೊಸ ಪಂಚೆ ಸೊಂಟದವರೆಗೆ ಒದ್ದೆಯಾಗಿತ್ತು, ಬಲಗೈ ಸೋತು ಎಡಗೈಗೆ ಬಂದಿದ್ದ. ನನಗೆ ಸಿಟ್ಟು ಇಳಿದಿರಲಿಲ್ಲ, ಆದರೂ ಒಣ ಟವೆಲ್ ತಂದು ಅವನ ಹೆಗಲಿಗೆ ಹಾಕಿದೆ. ದೀಪ ಹಚ್ಚುವ ಹೊತ್ತಿಗೆ ಚೊಂಬು ಕೆಳಗಿಟ್ಟು ಎದ್ದ.

“ಕರ್ಪೂರ ತತ್ತಾ,” ಎಂದ ಅಮ್ಮನಿಗೆ.

“ಮಂಗಳಾರತಿ ನಾಳೆಗಲ್ವಾ?”

“ಇದೊಂದಕ್ಕೆ ಇವತ್ತೇ.”

ಸಾಲಿನಿಂದ ಫಿಲ್ಟರನ್ನು ಮಾತ್ರ ಮುಂದಕ್ಕೆ ಎಳೆದು ಅದೊಂದಕ್ಕೇ ಆರತಿ ಎತ್ತಿದ. ಸೇವಂತಿಗೆ ತೋಟಕ್ಕೂ ಜಗ್ಗದ ಮನುಷ್ಯ! ಎರಡೂ ಕೈಯಲ್ಲಿ ಹಿಡಿದು ತಂದು, “ತಗೋ, ಕರೆಂಟ್ ಕೊಡು,” ಎಂದ. ನಾನು ಒಳಗಿನ ಎಣ್ಣೆಯನ್ನೆಲ್ಲ ಒರೆಸಿ, ಆ ಸೋಪಿನ ಸ್ಪಂಜನ್ನು ಮೂಲೆಗೆಸೆದು, ಖಾಲಿ ಫಿಲ್ಟರನ್ನೇ ಗಾಜಿಗೆ ಸಿಕ್ಕಿಸಿ ಸ್ವಿಚ್ ಹಾಕಿದೆ. ನೀರು ಸುರಿಯಿತು. ಮೀನುಗಳು ಮೆಲ್ಲಗೆ ತಳಕ್ಕೆ ಇಳಿದವು.

ಉಸಿರೇನೋ ಉಳಿಯಿತು. ಆದರೆ ಸ್ಪಂಜಿನ ಬ್ಯಾಕ್ಟೀರಿಯಾ ಸೋಪಿಗೆ ಸತ್ತುಹೋಗಿತ್ತು, ಇನ್ನು ದಿನ ಕಳೆದಂತೆ ನೀರೇ ವಿಷವಾಗುತ್ತದೆ. ಹೊಸ ಸ್ಪಂಜಿನಲ್ಲಿ ಅದು ಬೆಳೆಯಲು ವಾರಗಟ್ಟಲೆ ಬೇಕು. ನಾನೇನು ಕೈಕಟ್ಟಿ ಕೂರುವವಳೇ? ಹೊಳವನಹಳ್ಳಿಯಲ್ಲಿರುವ ನನ್ನ ಜೊತೆಯ ಟೀಚರೊಬ್ಬರು ಮೀನು ಸಾಕಲು ಶುರು ಮಾಡಿದಾಗ ನನ್ನ ಸ್ಪಂಜಿನಲ್ಲೇ ಅರ್ಧ ಕತ್ತರಿಸಿ ಕೊಟ್ಟಿದ್ದೆ. ಅದನ್ನು ನೀರಿನ ಸಮೇತ ಚೆಲ್ಲದಂತೆ ತರಬೇಕಾದ್ದರಿಂದ, ಮಾರನೇ ಬೆಳಿಗ್ಗೆ ಸ್ಕೂಟರ್ ಬಿಟ್ಟು ಬಸ್ಸಿನಲ್ಲಿ ಅಲ್ಲಿಗೆ ಹೊರಟೆ. ಅಪ್ಪ, “ನಾನೂ ಬತ್ತೀನಿ,” ಎಂದು ಚಪ್ಪಲಿ ಮೆಟ್ಟಿದ.

ಟೀಚರು ಕಂದು ಬಣ್ಣದ ಲೋಳೆ ಸ್ಪಂಜನ್ನು ಅವರ ತೊಟ್ಟಿಯ ನೀರಿನ ಸಮೇತ ಡಬ್ಬಿಗೆ ಹಾಕಿಕೊಟ್ಟರು. ಅಪ್ಪ ಮುಚ್ಚಳ ತೆಗೆದು ನೋಡಿ ಮುಖ ಸಿಂಡರಿಸಿದ.

“ಈ ಕೊಳೆ ತರಕೆ ಹಬ್ಬದ ದಿನ ಬಸ್ ಹತ್ತಿದ್ವಾ?”

“ಹೂಂ ಕಣಪ್ಪ. ನೀನು ತಿಕ್ಕಿ ತೊಳೆದದ್ದೂ ಇದನ್ನೇ.”

ಅಪ್ಪ ಮುಚ್ಚಳವನ್ನು ಬಿಗಿಯಾಗಿ ಮುಚ್ಚಿದ. ವಾಪಸ್ ಬರುವಾಗ ಬಸ್ಸಿನಲ್ಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಒಂದು ಹನಿ ಚೆಲ್ಲದಂತೆ ಮಧುಗಿರಿಯವರೆಗೂ ಹಿಡಿದು ಕೂತಿದ್ದ.

ಮನೆಗೆ ಬಂದು ಸ್ಪಂಜು ಕೂರಿಸಲು ಫಿಲ್ಟರನ್ನು ಬಿಚ್ಚಿ ಬೆಳಕಿಗೆ ತಂದೆ. ಹಿಂದಿನ ಸಂಜೆಯ ಗಡಿಬಿಡಿಯಲ್ಲಿ ಅದರ ಹಿಂಬದಿಯನ್ನು ನಾನು ನೋಡಿರಲಿಲ್ಲ. ತಿರುಗಿಸಿದೆ. ಬಿಳಿ ಪೇಂಟಿನಲ್ಲಿ, ಅಪ್ಪನ ದಪ್ಪ ಅಕ್ಷರದಲ್ಲಿ, ‘ಮನೆ’ ಎಂದು ಬರೆದಿತ್ತು.

ಫಿಲ್ಟರನ್ನು ಕೈಯಲ್ಲಿ ಹಿಡಿದುಕೊಂಡು ಅಲ್ಲೇ ಕೂತುಬಿಟ್ಟೆ. ಕಣ್ಣು ತುಂಬಿ ಅಕ್ಷರ ಮಂಜಾಯಿತು.

“ಅಪ್ಪಾ, ಇದು ಯಾವಾಗ ಬರೆದದ್ದು?”

ಅಪ್ಪ ಹತ್ತಿರ ಬಂದು ನೋಡಿ ಗಾಬರಿಯಾದ. “ನಿನ್ನೆ ಕಣಮ್ಮ, ತೊಳೆದ್ಮೇಲೆ. ಯಾಕೆ, ಪೇಂಟೂ ಮೀನಿಗೆ ಆಗಕಿಲ್ವಾ? ತಿನ್ನರ್ ತಂದು ಅಳಿಸ್ಬುಡ್ಲಾ?”

ಆ ಬದಿ ತೊಟ್ಟಿಯ ಹೊರಗಿರುತ್ತದೆ, ಅದಕ್ಕೆ ನೀರು ತಾಗುವುದೇ ಇಲ್ಲ.

“ಮುಟ್ಟಿದ್ರೆ ನೋಡು ಮತ್ತೆ,” ಅಂದೆ.