ಅಂಕಿತಕ್ಕೆ ಕಾದು ಕೂತವಳು

ಹಾಲು ಸೀದ ವಾಸನೆ ಬಂದರೆ ಯಾರಿಗಾದರೂ ಸಂತೋಷವಾಗುತ್ತದೆಯೇ? ನನಗೆ ಆಗುತ್ತದೆ. ಇವತ್ತು ಸಂಜೆ ಪಕ್ಕದ ಮನೆಯವರು ಒಲೆಯ ಮೇಲೆ ಹಾಲಿಟ್ಟು ಬಾಗಿಲಲ್ಲಿ ಯಾರೊಡನೆಯೋ ಮಾತಿಗೆ ನಿಂತಿದ್ದರೆಂದು ಕಾಣುತ್ತದೆ, ಆ ಕಮಟು ವಾಸನೆ ಕಿಟಕಿಯಿಂದ ನಮ್ಮ ಅಡುಗೆಮನೆಗೂ ಬಂತು. ಆಕೆ ಪಾತ್ರೆ ತಿಕ್ಕುತ್ತ ತಮ್ಮನ್ನು ತಾವೇ ಬೈದುಕೊಳ್ಳುತ್ತಿದ್ದರು. ನಾನು ಈಚೆ ನಿಂತು ನಗುತ್ತಿದ್ದೆ. ಎಂಥ ಹೆಂಗಸಪ್ಪಾ ಇವಳು ಅಂದುಕೊಳ್ಳಬೇಡಿ. ಆ ವಾಸನೆಗೂ ನನಗೂ ಇರುವ ನಂಟನ್ನು ಪೂರ್ತಿ ಕೇಳಿದ ಮೇಲೆ ನೀವೂ ನಗುತ್ತೀರಿ.

ಅದನ್ನು ಹೇಳಬೇಕಾದರೆ ಮಾನ್ವಿಯಿಂದ ಶುರು ಮಾಡಬೇಕು. ಮಾನ್ವಿಯಲ್ಲಿ ನಮ್ಮ ತವರಿನವರು ತಲೆತಲಾಂತರದಿಂದ ಗುಡಿಯ ಸೇವೆಯಲ್ಲಿದ್ದವರು. ಸಂಜೆ ದೀಪ ಹಚ್ಚಿದ ಮೇಲೆ ದೇವರ ಮುಂದೆ ಮನೆಯ ಹೆಂಗಸರೆಲ್ಲ ಸರದಿಯಂತೆ ಒಂದೊಂದು ದಾಸರ ಪದ ಹೇಳಬೇಕು, ಅದು ಮನೆಯ ಪದ್ಧತಿ. ಅಮ್ಮ ಹೇಳುತ್ತಿದ್ದಳು, ಚಿಕ್ಕಪ್ಪನ ಹೆಂಡತಿ ಕಾಕು ಹೇಳುತ್ತಿದ್ದರು, ಅಕ್ಕ ಹೇಳುತ್ತಿದ್ದಳು. ಅಕ್ಕ ಹಾಡಿದರೆ ಬೀದಿಯಲ್ಲಿ ಹೋಗುವವರು ಕಟ್ಟೆಯ ಮೇಲೆ ಕೂತು ಮುಗಿಸಿಕೊಂಡೇ ಹೋಗುತ್ತಿದ್ದರು. ನನ್ನ ಸರದಿ ಬಂದರೆ ಮಾತ್ರ ಎಲ್ಲರ ಕಣ್ಣೂ ಅಪ್ಪನ ಕಡೆ ತಿರುಗುತ್ತಿತ್ತು. ಅಪ್ಪ ಬೈದವರಲ್ಲ. ಬಹಳ ಮೃದುವಾಗಿ, "ನೀ ಗಂಟಿ ಬಾರಸವಾ, ನಿನಗ ಅದು ಛಲೋ ಬರ್ತದ" ಅನ್ನುತ್ತಿದ್ದರು. ಬೈದಿದ್ದರೆ ಜಗಳವನ್ನಾದರೂ ಆಡಬಹುದಿತ್ತು. ಹೀಗೆ ಹೊಗಳಿ ಕೂರಿಸಿದರೆ ಏನು ಮಾಡುವುದು?

ಅಕ್ಕ ನನಗಿಂತ ಬಹಳ ದೊಡ್ಡವಳು. ಪ್ರೀತಿ ಇರಲಿಲ್ಲವೆಂದಲ್ಲ, ಎತ್ತಿ ಆಡಿಸಿದವಳೇ ಅವಳು. ಆದರೆ ಬಂದವರಿಗೆಲ್ಲ ನನ್ನನ್ನು ತೋರಿಸಿ, "ಇಕಿ ಶಾಣ್ಯಾಕಿ ಇದ್ದಾಳ್ರೀ, ಕಿವಿ ಒಂದ ಇಲ್ಲ" ಅಂತ ನಗುತ್ತಿದ್ದಳು. ನನ್ನನ್ನು ನೋಡಲು ಗಂಡಿನ ಕಡೆಯವರು ಬಂದಾಗ, ಪದ್ಧತಿಯಂತೆ, ಹುಡುಗಿಗೆ ಹಾಡು ಬರುತ್ತದೆಯೇ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅಕ್ಕ, "ಲೆಕ್ಕ ಭಾಳ ಛಲೋ ಮಾಡ್ತಾಳ್ರೀ" ಎಂದುಬಿಟ್ಟಳು. ಗಂಡು ಅಷ್ಟಕ್ಕೇ ಒಪ್ಪಿದ್ದು ನನ್ನ ಪುಣ್ಯ. ನಮ್ಮವರಿಗೂ ಸಂಗೀತಕ್ಕೂ ದೂರ ದೂರದ ಸಂಬಂಧವೂ ಇಲ್ಲ, ಅವರ ಕಿವಿಯೆಲ್ಲ ಟೀವಿಯ ಸುದ್ದಿಗೇ ಮೀಸಲು.

ಮುಂದೆ ದೇವದುರ್ಗದ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ಕೆಲಸ ಸಿಕ್ಕಿತು, ಅಲ್ಲಿಯೇ ನಿವೃತ್ತಿಯಾಯಿತು. ಪ್ರತಿವರ್ಷ ಶಬ್ದದ ಪಾಠ ಬರುತ್ತಿತ್ತು. ಟ್ಯೂನಿಂಗ್ ಫೋರ್ಕನ್ನು ರಬ್ಬರಿಗೆ ಬಡಿದು ಮೇಜಿಗೆ ಒತ್ತುತ್ತಿದ್ದೆ, ಅದು ಗುಂಯ್ ಎನ್ನುತ್ತಿತ್ತು, ನಾನು ಬೋರ್ಡಿನ ಮೇಲೆ ಅದರ ಆವೃತ್ತಿ ಬರೆಯುತ್ತಿದ್ದೆ. ಜಾಲಹಳ್ಳಿಯಿಂದ ಬಸ್ಸಿಗೆ ಬರುತ್ತಿದ್ದ ಒಬ್ಬ ಹುಡುಗಿ ಒಮ್ಮೆ ಆ ಗುಂಯ್‌ಗೆ ದನಿ ಕೂಡಿಸಿ, "ಮೇಡಮ್, ಇದು ನಮ್ಮ ಭಜನಿ ಪೆಟಗಿಯ ಸಾ ಆಗೇದ್ರೀ" ಎಂದಳು. ಹಾರ್ಮೋನಿಯಮ್ಮಿನ ಸಾ ಇದ್ದರೂ ಇರಬಹುದು ಎಂದು ಮುಂದಿನ ಲೆಕ್ಕಕ್ಕೆ ಹೋದೆ. ಶಬ್ದದ ಬಗ್ಗೆ ನನಗೆ ಎಲ್ಲ ಗೊತ್ತಿತ್ತು, ಕೇಳಿಸುವುದೊಂದು ಬಿಟ್ಟು. ಹೊಟ್ಟೆಯೊಳಗೆ ಒಂದು ಸಣ್ಣ ಉರಿ ಮಾತ್ರ ಇದ್ದೇ ಇತ್ತು. ಹಾಡಲು ಬಾರದ್ದಕ್ಕಲ್ಲ. ಹಾಡು ಕೇಳುವಾಗ ಉಳಿದವರ ಮುಖ ಅರಳುತ್ತದಲ್ಲ, ಆ ಅರಳುವ ಜಾಗ ನನಗೆ ಯಾವತ್ತೂ ಸಿಗಲಿಲ್ಲವಲ್ಲ ಎಂಬುದಕ್ಕೆ.

ನಿವೃತ್ತಿಯಾಗಿ ರಾಯಚೂರಿಗೆ ಬಂದು ನೆಲೆಸಿದ ಮೇಲೆ ಒಂದು ದಿನ ಮೊಬೈಲಿನಲ್ಲಿ ಒಂದು ಪ್ರಕಟಣೆ ಬಂತು. ಶಾಸ್ತ್ರೀಯ ಸಂಗೀತ ಕೇಳುವುದನ್ನು ಕಲಿಸುವ ಆನ್‌ಲೈನ್ ತರಗತಿ, ಹಾಡಲು ಬರಬೇಕಾಗಿಲ್ಲ ಎಂದಿತ್ತು. ಆ ಕೊನೆಯ ಮಾತನ್ನು ನನ್ನ ಹೆಸರು ಹಿಡಿದು ಬರೆದಂತಿತ್ತು. ಯಾರಿಗೂ ಹೇಳದೆ ಸೇರಿದೆ. ಕಲಿಸುವವರು ಧಾರವಾಡದ ಕಡೆಯ ಹಿರಿಯರು. ಮೊದಲ ದಿನವೇ, "ಅಡಗಿ ಮಾಡವ್ರು ಬ್ಯಾರೆ, ಉಣ್ಣವ್ರು ಬ್ಯಾರೆ. ನಾ ಇಲ್ಲೆ ಉಣ್ಣಾಕ ಕಲಸ್ತೀನ್ರೀ. ನಾಚಕೋಬ್ಯಾಡ್ರಿ" ಎಂದರು. ಆಮೇಲೆ ಎಲ್ಲರನ್ನೂ ಮ್ಯೂಟ್ ಮಾಡಿದರು. ನನಗೆ ಹೇಳಿ ಮಾಡಿಸಿದ ಶಾಲೆ ಇದು ಎನಿಸಿತು. ಎಲ್ಲರೂ ಬಾಯಿ ಮುಚ್ಚಿಕೊಂಡು ಕೂರುವುದು ನಿಯಮವಾಗಿರುವ ಸಂಗೀತಶಾಲೆ ಇನ್ನೆಲ್ಲಿ ಸಿಗಬೇಕು?

ಅವಲಕ್ಕಿ ಡಬ್ಬಿಗೆ ಮೊಬೈಲು ಒರಗಿಸಿಕೊಂಡು ಅಡುಗೆಮನೆಯಲ್ಲೇ ಕೂರುತ್ತಿದ್ದೆ. ಹೊರಗೆ ಕೂತರೆ ಸುದ್ದಿಯವರ ಕೂಗಾಟ. ಮೊದಮೊದಲು ರಾಗಗಳನ್ನೆಲ್ಲ ಸೂತ್ರದಂತೆ ಬರೆದುಕೊಂಡೆ. ಏರುವಾಗ ಇಷ್ಟು ಸ್ವರ, ಇಳಿಯುವಾಗ ಇಷ್ಟು. ಪರೀಕ್ಷೆ ಇಟ್ಟಿದ್ದರೆ ನಾನೇ ಮೊದಲು ಬರುತ್ತಿದ್ದೆ. ಆದರೆ ಸರ್ ಹಾಡು ಹಾಕಿದರೆ ಸಾಕು, ಪೆನ್ನು ಹಿಡಿದ ಕೈ ಸುಮ್ಮನಾಗುತ್ತಿತ್ತು. ಬರೆದದ್ದಕ್ಕೂ ಕೇಳಿಸುತ್ತಿದ್ದುದಕ್ಕೂ ತಾಳೆಯೇ ಇಲ್ಲ. ಮಾನ್ವಿಯವರು ಹೇಳಿದ್ದೇ ನಿಜವಿರಬೇಕು ಎಂದು ಅಳು ಬರುವಂತಾಗುತ್ತಿತ್ತು.

ಹೀಗಿರುವಾಗ ಒಂದು ಸಂಜೆ ಅವರು ನಿಧಾನದ ಖಯಾಲ್ ಒಂದನ್ನು ಹಾಕಿದರು. ಖಯಾಲ್ ಎಂದರೆ ಗೊತ್ತಲ್ಲ, ಎರಡು ಸಾಲಿನ ಹಾಡು, ಅದನ್ನೇ ಹಿಡಿದು ಗಾಯಕರು ಅರ್ಧ ತಾಸು ಬೆಳೆಸುತ್ತ ಹೋಗುತ್ತಾರೆ. ನಾನು ಭಕ್ತಿಯಿಂದ ಕೂತು ಕೇಳುತ್ತಿದ್ದೆ. ಇದ್ದಕ್ಕಿದ್ದಂತೆ ಸರ್ ಹಾಡು ನಿಲ್ಲಿಸಿ, "ರಾಯಚೂರಿನ ತಾಯಿ, ಕೈ ಎತ್ತೀರಿ. ಏನರೆ ಕೇಳೂದದ ಏನ್ರೀ?" ಎಂದರು.

ನೋಡಿಕೊಂಡೆ. ನನ್ನ ಎರಡೂ ಕೈ ಎದೆಯ ಹತ್ತಿರ ಬಂದು, ಅರ್ಧ ಮುಗಿದು, ಹಾಗೇ ನಿಂತಿದ್ದವು.

ನಮ್ಮ ಮನೆಯಲ್ಲಿ ಬೆಳೆದವರಿಗೆ ಇದು ವಿಚಿತ್ರವಲ್ಲ. ದಾಸರ ಪದದ ಕೊನೆಯ ನುಡಿಯಲ್ಲಿ ಅದನ್ನು ಬರೆದವರು ತಮ್ಮ ದೇವರ ಹೆಸರನ್ನು ಗುರುತಾಗಿ ಇಟ್ಟಿರುತ್ತಾರೆ. ಅದು ಅಂಕಿತ. ಅಂಕಿತ ಬಂತೆಂದರೆ ಎಲ್ಲರೂ ಕೈ ಮುಗಿಯಬೇಕು. ಕಾಯಿಪಲ್ಲೆ ಹೆಚ್ಚುತ್ತಿದ್ದವರು ಈಳಿಗೆ ಬಿಡುತ್ತಾರೆ, ಮಾತಾಡುತ್ತಿದ್ದವರು ಮಾತು ಬಿಡುತ್ತಾರೆ. ಮಕ್ಕಳಿಗೆ ಅಂಕಿತವೆಂದರೆ ಹಾಡು ಮುಗಿಯಿತು, ಇನ್ನು ಪ್ರಸಾದ ಎಂದು ಅರ್ಥ. ಆದ್ದರಿಂದ ಪದದ ಮೊದಲ ಅಕ್ಷರದಿಂದಲೇ ನಾನು ಅಂಕಿತಕ್ಕೆ ಕಾಯುತ್ತಿದ್ದೆ. ಕವಿತಾಳದ ಬಸ್ ನಿಲ್ದಾಣದಲ್ಲಿ ಕೂತವರು ಬಸ್ಸಿನ ಬೋರ್ಡನ್ನಷ್ಟೇ ನೋಡುತ್ತಾರಲ್ಲ, ಹಾಗೆ. ಈಗ ಈ ಖಯಾಲಿಗೂ ಕೈ ತಾನಾಗಿ ಎದ್ದು ಅರ್ಧ ತಾಸಿನಿಂದ ಕಾಯುತ್ತಿತ್ತು.

ಸರ್ ನನ್ನ ಮ್ಯೂಟ್ ತೆಗೆದರು. ಇದ್ದದ್ದನ್ನೇ ಹೇಳಿದೆ. "ಏನಿಲ್ರೀ ಸರ್, ಅಂಕಿತ ಬರ್ತದಂತ ಕಾಯಾಕತ್ತಿದ್ದೆ."

ಪರದೆಯ ಮೇಲಿನ ಚೌಕಗಳಲ್ಲೆಲ್ಲ ಬಾಯಿಗಳು ತೆರೆದುಕೊಂಡವು. ಎಲ್ಲರೂ ನಗುತ್ತಿದ್ದಾರೆ, ಸದ್ದು ಮಾತ್ರ ಇಲ್ಲ. ಸದ್ದಿಲ್ಲದ ನಗೆ ಸದ್ದಿರುವ ನಗೆಗಿಂತ ಹೆಚ್ಚು ಚುಚ್ಚುತ್ತದೆ. ಇವತ್ತಿಗೆ ಮುಗಿಯಿತು, ನಾಳೆಯಿಂದ ಈ ಕಡೆ ತಲೆ ಹಾಕಬಾರದು ಎಂದು ಬೆರಳು ಕೆಂಪು ಗುಂಡಿಯ ಹತ್ತಿರ ಹೋಗಿತ್ತು. ಸರ್ ಮಾತ್ರ ನಗಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡು ಹೇಳಿದರು. "ನೀವು ಕಾಯಾಕ ಬಲ್ಲವರದೀರಿ. ಇಷ್ಟೊತ್ತು ಕಾಯೂದು ಎಷ್ಟ ಮಂದಿಗೆ ಬರ್ತದ್ರೀ? ಆದ್ರ ಇಲ್ಲೆ ಕಾಯೂದು ಕೊನಿಗಲ್ಲ. ತಾಳದ್ದೊಂದು ಸುತ್ತು ಇರ್ತದ. ಆ ಸುತ್ತಿನ ಮೊದಲನೇ ಪೆಟ್ಟಿಗೆ ಸಮ್ ಅಂತಾರ. ಹಾಡವ್ರು ಎಲ್ಲೆಲ್ಲಿ ತಿರಗಿದ್ರೂ ಅಲ್ಲಿಗೇ ಬಂದು ಮುಟ್ಟಬೇಕು. ಪ್ರತಿ ಸುತ್ತಿಗೂ ಕಾಯ್ರಿ. ಪ್ರತಿ ಸುತ್ತಿಗೂ ನಿಮಗ ಪ್ರಸಾದ ಸಿಗ್ತದ."

ಪ್ರಸಾದದ ಮಾತು ನಾನು ಅವರಿಗೆ ಹೇಳಿರಲಿಲ್ಲ. ಅವರೂ ಅಂಥದೇ ಮನೆಯಿಂದ ಬಂದವರಿರಬೇಕು. ಕೆಂಪು ಗುಂಡಿ ಒತ್ತಲಿಲ್ಲ.

ಅಂದಿನಿಂದ ಪೆನ್ನು ಮೂಲೆ ಸೇರಿತು. ರಾಗದ ಹೆಸರು ತಿಳಿದರೆ ತಿಳಿಯಿತು, ಇಲ್ಲದಿದ್ದರೆ ಇಲ್ಲ. ನಾನು ತಬಲದ ಸುತ್ತನ್ನು ಹಿಡಿದು ಕಾಯಲು ಕೂತೆ. ಹಿಟ್ಟು ನಾದುವಾಗ ಬೆರಳು ಎಣಿಸುತ್ತಿತ್ತು, ಬಸ್ಸಿನಲ್ಲಿ ಮುಂದಿನ ಸೀಟಿನ ಸರಳಿನ ಮೇಲೆ ಎಣಿಸುತ್ತಿತ್ತು. ನಮ್ಮವರು ಒಮ್ಮೆ, "ಯಾರಿಗೆ ಲೆಕ್ಕಾ ಹೇಳಾಕತ್ತೀ?" ಎಂದು ಕೇಳಿದರು. ಎಷ್ಟೋ ಸಂಜೆ ಸಮ್ ತಪ್ಪಿತು. ಕೈ ಮೊದಲೇ ಬೀಳುತ್ತಿತ್ತು, ಇಲ್ಲವೇ ಗಾಯಕರು ಬಂದು ಮುಟ್ಟಿ ಮತ್ತೆ ಹೊರಟ ಮೇಲೆ ಬೀಳುತ್ತಿತ್ತು.

ಆಮೇಲೆ ಆ ಸಂಜೆ ಬಂತು. ಒಲೆಯ ಮೇಲೆ ಹಾಲಿಟ್ಟಿದ್ದೆ. ಹಾಡು ಎತ್ತಲೋ ದೂರ ಹೋಗಿತ್ತು, ಎಣಿಕೆ ನನಗೆ ತಪ್ಪಿ ಬಹಳ ಹೊತ್ತಾಗಿತ್ತು. ಹೋಗಲಿ ಎಂದು ಸುಮ್ಮನೆ ಕೇಳುತ್ತಿದ್ದೆ. ಎಣಿಸದೆ ಇದ್ದೆನಲ್ಲ, ಆಗ, ಏನೋ ಹತ್ತಿರ ಬರುತ್ತಿದೆ ಎಂದು ಮೈಗೆ ಗೊತ್ತಾಗತೊಡಗಿತು. ದನಿ ಇಳಿಯಿತು, ತಿರುಗಿತು, ಹಾಡಿನ ಆ ಮೊದಲ ಮಾತನ್ನು ಎತ್ತಿಕೊಂಡಿತು. ತಬಲ ಅದನ್ನು ಎದುರುಗೊಳ್ಳಲು ಬಂತು. ನನ್ನ ಕೈ ತಾನಾಗಿ ಮೇಜಿನ ಮೇಲೆ ಬಿತ್ತು. ಗಾಯಕರೂ ತಬಲದವರೂ ಅಲ್ಲಿಗೇ ಬಂದು ಮುಟ್ಟಿದರು. ಮೂವರೂ ಒಟ್ಟಿಗೆ! ನನ್ನ ಮುಖ ಅರಳಿದ್ದು ನನಗೇ ತಿಳಿಯಿತು.

ನಮ್ಮವರು ಓಡಿ ಬಂದು, "ಏನೋ ಸುಡಾಕತ್ತದಲ್ಲೇ" ಎಂದರು. ಹಾಲು ಉಕ್ಕಿ, ಸುರಿದು, ತಳ ಹಿಡಿದು ಹೊಗೆಯಾಡುತ್ತಿತ್ತು. ನಾನು ಅವರ ಕಡೆ ಒಂದು ಬೆರಳೆತ್ತಿ ತಡೆಯಿರಿ ಎಂದೆ. ಇನ್ನೊಂದು ಸಮ್ ಬರುವುದರಲ್ಲಿತ್ತು. ಒಲೆ ಆರಿಸಿದವರು ಅವರೇ. ಆ ವರ್ಷ ನಮ್ಮ ಮನೆಯಲ್ಲಿ ಎಷ್ಟು ಸಲ ಹಾಲು ಸೀದಿತೋ ನಾನು ಲೆಕ್ಕ ಇಟ್ಟಿಲ್ಲ. ಅವರೂ ಪಾಪ, ಕರಿ ಚಹಾ ಕುಡಿಯುವುದನ್ನು ಕಲಿತರು.

ಆದರೂ ಅಡುಗೆಮನೆಯಲ್ಲಿ ಒಬ್ಬಳೇ ಗೆದ್ದದ್ದನ್ನು ಯಾರು ನಂಬುತ್ತಾರೆ? ನಿಜ ಹೇಳುತ್ತೇನೆ, ನನಗೆ ಅಕ್ಕ ನಂಬಬೇಕಿತ್ತು. ಈ ವಯಸ್ಸಿನಲ್ಲಿ ಇದೆಂಥ ಹಟ ಎನ್ನಬಹುದು. ಹಟವೇ ಸರಿ. ಮಾನ್ವಿಯಲ್ಲೇ ಇರುವ ಅಕ್ಕ ಕಣ್ಣಿನ ತಪಾಸಣೆಗೆಂದು ರಾಯಚೂರಿಗೆ ಬಂದಾಗ ಊರಿನಲ್ಲಿ ಹೊರಗಿನ ಗಾಯಕಿಯೊಬ್ಬರ ಕಛೇರಿ ಇತ್ತು. ಹೋಗೋಣ ಎಂದೆ. ಅಕ್ಕ ನನ್ನನ್ನೇ ನೋಡಿದಳು. "ನೀ? ಸಂಗೀತಕ್ಕ?" ಎಂದು ನಕ್ಕು, "ನಡಿ, ನಿನ್ನ ಜೋಡಿಗೆ ನಾ ಬರ್ತೀನಿ" ಎಂದು ಸೀರೆ ಬದಲಿಸಿದಳು.

ಗಾಯಕಿ ನಿಧಾನವಾಗಿ ಶುರು ಮಾಡಿದರು. ಸ್ವಲ್ಪ ಹೊತ್ತಿಗೆ ಅಕ್ಕ ಚಡಪಡಿಸತೊಡಗಿದಳು. ದಾಸರ ಪದವನ್ನು ಜೀವಮಾನವೆಲ್ಲ ಹಾಡಿದವಳು ಅವಳು. ನುಡಿ ಮುಗಿಯದ, ಅರ್ಥ ಮುಂದೆ ಹೋಗದ ಈ ಹಾಡು ಅವಳಿಗೆ ಒಗ್ಗಲಿಲ್ಲ. "ದನಿ ಬಂಗಾರದಂಗ ಅದ ನೋಡು. ಆದ್ರ ಎರಡ ಸಾಲಿನ್ಯಾಗ ಎಷ್ಟೊತ್ತು ತಿರಗ್ಯಾಡ್ತಾಳ? ಏಳೂಣೇನು?" ಎಂದು ಕಿವಿಯಲ್ಲಿ ಕೇಳಿದಳು. ಈಗ ಎದ್ದರೆ ಇನ್ನು ಯಾವತ್ತೂ ಇಲ್ಲ. ಅವಳ ಕೈಯನ್ನು ನನ್ನ ತೊಡೆಯ ಮೇಲೆ ಎಳೆದುಕೊಂಡು, ಅಂಗೈ ಬಿಡಿಸಿ, ತಬಲದ ಜೊತೆ ಮೆಲ್ಲಗೆ ಬೆರಳಿನಿಂದ ಬಡಿಯುತ್ತ ಹೋದೆ. ಸಮ್ ಬಂದಾಗ ಇಡೀ ಕೈಯನ್ನು ಒತ್ತಿದೆ. "ಏನ ಮಾಡಾಕತ್ತೀ ಲೇ" ಎಂದು ಅವಳು ಕೈ ಎಳೆದುಕೊಳ್ಳಲು ನೋಡಿದಳು. ಬಿಡಲಿಲ್ಲ. ಮುಂದಿನ ಸುತ್ತಿನಲ್ಲಿ ಒತ್ತಿದೆ. ಅದರ ಮುಂದಿನದರಲ್ಲೂ ಒತ್ತಿದೆ. ಎಳೆಯುವುದನ್ನು ಬಿಟ್ಟಳು. ಕಣ್ಣು ಮುಚ್ಚಿದಳು.

ಸ್ವಲ್ಪ ಹೊತ್ತಿಗೆ ನಾನೇ ಬಡಿಯುವುದನ್ನು ನಿಲ್ಲಿಸಿದೆ. ಗಾಯಕಿ ಆಗ ಎಲ್ಲೋ ಮೇಲಿನ ಸ್ವರದಲ್ಲಿ ಇದ್ದರು, ಕೆಳಗಿಳಿದು ಯಾವಾಗ ಬಂದಾರೋ ಎಂಬಂತಿತ್ತು. ಬರುತ್ತಿದ್ದಾರೆ, ಬಂದರು. ನನ್ನ ಬಾಯಿಂದ "ಆಹಾ" ಹೊರಬಿತ್ತು, ಅದೇ ಗಳಿಗೆಯಲ್ಲಿ ಅಕ್ಕನ ಕೈ ನನ್ನ ಮೊಣಕಾಲಿನ ಮೇಲೆ ಬಿತ್ತು, ಕೂದಲೆಳೆಯಷ್ಟೂ ಆಚೀಚೆಯಾಗದಂತೆ. ಗಾಯಕಿ ನಮ್ಮ ಸಾಲಿನ ಕಡೆ ನೋಡಿ ತಲೆದೂಗಿದರು. ಅಕ್ಕ ಕಣ್ಣು ತೆರೆದಳು. ಅದರಲ್ಲಿ ನೀರಿತ್ತು. ನನ್ನ ಕಡೆ ತಿರುಗಿ, "ಇದು ನನಗಿಂತ ಮೊದಲ ನಿನಗ ಕೇಳಸ್ತೇನು?" ಎಂದಳು.

"ಹೂಂ" ಎಂದೆ. ಆ ಒಂದು ಹೂಂ ಹೇಳಲು ನಾನು ಇಷ್ಟು ವರ್ಷ ಬದುಕಿದ್ದೆ ಎನಿಸಿತು. ನಾನು ಗೆದ್ದಿದ್ದೆ, ಗೆದ್ದೆ ಎಂದು ಕುಣಿಯುವಷ್ಟು ಸಂತೋಷವಾಗಿತ್ತು. ಅವಳು ಸೋತಿರಲಿಲ್ಲ, ಅದು ಇನ್ನೂ ದೊಡ್ಡ ಸಂತೋಷ. ಕೊನೆಯವರೆಗೂ ಕೂತೆವು. ಆಟೋದಲ್ಲಿ ಮನೆಗೆ ಬರುವಾಗ ಅಕ್ಕ ನನ್ನ ಅಂಗೈಯ ಮೇಲೆ ಬೆರಳಾಡಿಸುತ್ತಲೇ ಇದ್ದಳು.

ಇದನ್ನು ಬರೆಯುತ್ತಿರುವಾಗಲೇ ಮಾನ್ವಿಯಿಂದ ಅವಳ ಫೋನು ಬಂತು. ನಾಳೆ ಓಣಿಯ ಹೆಂಗಸರೆಲ್ಲ ಮನೆಯಲ್ಲಿ ಸೇರುತ್ತಾರಂತೆ, ಅಕ್ಕ ಹಾಡಬೇಕೆಂದು ದುಂಬಾಲು ಬಿದ್ದಿದ್ದಾರಂತೆ. "ನೀ ಮುಂಜಾನಿ ಬಸ್ಸಿಗೆ ಬಾ" ಎಂದಳು.

"ನಾ ಬಂದು ಏನ ಮಾಡ್ಲಿ?" ಎಂದೆ. ಗೊತ್ತಿದ್ದೂ ಕೇಳಿದೆ, ಅವಳ ಬಾಯಿಂದ ಕೇಳಬೇಕಿತ್ತು.

"ಏನ ಮಾಡ್ತೀ? ನನ್ನ ಎದುರಿಗೆ ಕೂತು ಕೇಳು" ಎಂದಳು ಅಕ್ಕ. "ಎಲ್ಲಾರಿಗೂ ಹೇಳೀನಿ. ನಮ್ಮ ತಂಗಿ ಬರೂತನಕ ನಾ ಬಾಯಿ ತಗಿಯೂದಿಲ್ಲಂತ."