ಸುಲೋಚನಾಳ ಖಾಲಿ ಜಾಗ

ಕಣ್ಣು ಮುಚ್ಚಿ ಪ್ರಾರ್ಥನೆಗೆ ಕೂತಿದ್ದೆ. ಯಾರೋ ನನ್ನ ಎಡಗೈ ಒತ್ತಿದರು.

ನನ್ನ ಎಡಕ್ಕೆ ಯಾರೂ ಇರಲಿಲ್ಲ...

ಎಪ್ಪತ್ತರ ದಶಕದ ಮಾತು. ಶಹಾಬಾದಿನಲ್ಲಿ ಕಾಲೇಜು ಓದುತ್ತಿದ್ದ ನಾವು ಕೆಲವು ಕ್ರೈಸ್ತ ಹುಡುಗಿಯರು ಒಂದು ಸೇವಾ ತಂಡ ಕಟ್ಟಿಕೊಂಡಿದ್ದೆವು. ಹೊಸಬರನ್ನು ಮಾತಾಡಿಸುವುದು, ಒಟ್ಟಿಗೆ ಬೈಬಲ್ ಓದುವುದು, ಕಾಯಿಲೆ ಬಿದ್ದವರನ್ನು ನೋಡಿ ಬರುವುದು ನಮ್ಮ ಕೆಲಸ.

ಆದರೆ ಕೆಲಸಕ್ಕಿಂತ ಮೀಟಿಂಗೇ ಜಾಸ್ತಿ! ಒಬ್ಬಳು ಹಾಡು ಶುರು ಮಾಡಿದರೆ ನಿಲ್ಲಿಸುತ್ತಿರಲಿಲ್ಲ, ಇನ್ನೊಬ್ಬಳದು ಹಾಸ್ಟೆಲ್ ಪುರಾಣ. ಏನೂ ತೀರ್ಮಾನವಾಗುತ್ತಿರಲಿಲ್ಲ, ನಮ್ಮೂರು ವಾಡಿಗೆ ಹೋಗುವ ನನ್ನ ಪ್ಯಾಸೆಂಜರ್ ಗಾಡಿ ಮಾತ್ರ ತಪ್ಪಿಹೋಗುತ್ತಿತ್ತು.

ನಮ್ಮನ್ನು ನಡೆಸುತ್ತಿದ್ದ ಮರಿಯಮ್ಮ ಟೀಚರ್ ಕೊನೆಗೆ ರೇಗಿದರು.

"ಏನವ್ವಾ, ಇದು ಮೀಟಿಂಗ್ ಅದನೋ ಸಂತಿ ಅದನೋ? ಇನ್ಮ್ಯಾಲ ಶನಿವಾರ ಮಧ್ಯಾಹ್ನ ಒಂದೇ ತಾಸು. ಮೊದಲ ಕೆಲಸದ ಮಾತು, ಆಮ್ಯಾಲ ಪ್ರಾರ್ಥನಿ."

ಪ್ರಾರ್ಥನೆಗೂ ಒಂದು ಪದ್ಧತಿ ತಂದರು. ಕೈ ಕೈ ಹಿಡಿದು ದುಂಡಗೆ ಕೂರಬೇಕು. ಪ್ರಾರ್ಥನೆ ಮುಗಿಸಿದವಳು ಪಕ್ಕದವಳ ಕೈ ಒತ್ತಬೇಕು, ಆಗ ಅವಳ ಸರದಿ.

ಯಾರಾದರೂ ಬಾರದಿದ್ದರೆ ಅವಳ ಜಾಗ ಖಾಲಿಯೇ ಇರಬೇಕು. ಪಕ್ಕದವರು ಆ ಕಡೆಯ ಅಂಗೈಯನ್ನು ನೆಲದ ಮೇಲೆ ತೆರೆದಿಡಬೇಕು. ಬಾರದವಳನ್ನು ಮರೆಯಬಾರದು ಅಂತ.

ಮೀಟಿಂಗ್ ಸರಿಹೋಯಿತು. ನನಗೆ ಗಾಡಿಯೂ ಸಿಗತೊಡಗಿತು.

ಆ ಶನಿವಾರ ಖಾಲಿ ಇದ್ದದ್ದು ಸುಲೋಚನಾಳ ಜಾಗ. ಯಾವಾಗಲೂ ನನ್ನ ಎಡಪಕ್ಕದಲ್ಲೇ ಕೂರುವವಳು, ನನಗೆ ಅವಳೆಂದರೆ ಜೀವ. ಜ್ವರ ತಲೆಗೇರಿ ಸುಲೇಪೇಟದ ತನ್ನ ಮನೆಯಲ್ಲಿ ಎಚ್ಚರ ತಪ್ಪಿ ಮಲಗಿದ್ದಳು. ಉಳಿಯುವುದು ಕಷ್ಟ ಅಂತ ಡಾಕ್ಟರು ಹೇಳಿದ್ದರಂತೆ.

ಹೊರಗೆ ಉರಿಬಿಸಿಲು. ನಾವು ಕೂತ ಕಲ್ಲುನೆಲವೂ ಬೆಚ್ಚಗಿತ್ತು.

ಅದರ ಮೇಲಿಟ್ಟ ನನ್ನ ಅಂಗೈಯೊಳಗೆ ತಣ್ಣನೆಯ ಬೆರಳುಗಳು ಬಂದು ಸೇರಿಕೊಂಡವು. ಮೆಲ್ಲಗೆ ಒತ್ತಿದವು. ಆಮೇಲೆ ಬಿಗಿಯಾದವು...

ಒಂದೇ ಸಲಕ್ಕೆ ಕೈ ಕಿತ್ತುಕೊಂಡು ಕಣ್ಣು ಬಿಟ್ಟೆ.

ಬರೀ ಕಲ್ಲು. ಉಳಿದವರೆಲ್ಲ ಕಣ್ಣು ಮುಚ್ಚಿಯೇ ಕೂತಿದ್ದರು.

ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಇವಳಿಗೆ ಬಿಸಿಲು ಬಡಿದಿದೆ ಅಂತ ನಗುತ್ತಿದ್ದರು.

ದೇವರು ದೊಡ್ಡವನು, ಸುಲೋಚನಾ ಉಳಿದಳು. ಎಷ್ಟೋ ವಾರದ ಮೇಲೆ ಮೀಟಿಂಗಿಗೂ ಬಂದಳು. ಸೊರಗಿ ಕಡ್ಡಿಯಾಗಿದ್ದಳು, ನೋಡಿ ನನಗೆ ಅಳುವೇ ಬಂತು.

ಕೆಲಸದ ಮಾತು ಮುಗಿಯಿತು. ಪ್ರಾರ್ಥನೆಗೆ ಅವಳತ್ತ ಕೈ ಚಾಚಿದೆ. ಅವಳು ಕೈ ಕೊಡಲಿಲ್ಲ, ಎರಡೂ ಕೈ ಮಡಿಲಲ್ಲೇ ಇಟ್ಟುಕೊಂಡಳು.

ನನಗೊಬ್ಬಳಿಗೇ ಕೇಳುವಂತೆ ಕೇಳಿದಳು.

"ಅವತ್ತ ನನ್ನ ಕೈ ನಡುವ ಯಾಕ ಬಿಟ್ಟಿ? ಅಲ್ಲಿ ಭಾಳ ಕತ್ತಲಿತ್ತು."

ನಿಜ ಹೇಳಿ, ನೀವಾಗಿದ್ದರೆ ಬಿಡುತ್ತಿರಲಿಲ್ಲವೇ?